ಕೆಳಗಿಳಿದು ಬಂದ ಪೈಲಟ್

ಹೆಲಿಕಾಪ್ಟರ್ ಪೈಲಟ್ ಅಂದಕೂಡಲೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರೋದು ಇಂಗ್ಲಿಷ್ ಸಿನಿಮಾದ ದೃಶ್ಯ. ಕಪ್ಪು ಕನ್ನಡಕ, ಬಾಯಲ್ಲಿ ಚೂಯಿಂಗ್ ಗಮ್, ಕೆಳಗೆ ಹೊತ್ತಿ ಉರಿಯುವ ಕಾಡು. ವಿಯೆಟ್ನಾಂ ಯುದ್ಧವಂತೂ ಹೆಲಿಕಾಪ್ಟರುಗಳದ್ದೇ ಯುದ್ಧ ಅಂತ ಹೇಳಬಹುದು. ಸೈನಿಕರನ್ನು ಗದ್ದೆಗೆ ಇಳಿಸುವುದು, ಗಾಯಾಳುಗಳನ್ನು ಎತ್ತಿ ತರುವುದು, ಮೇಲಿನಿಂದ ಗುಂಡು ಸುರಿಸುವುದು, ಎಲ್ಲಾ ಅದರಲ್ಲೇ. ಅಲ್ಲಿ ಹಾರಿದ ಸಾವಿರಾರು ಜನರಲ್ಲಿ ನಾನು ಒಬ್ಬನ ಕಥೆ ಹೇಳಬೇಕೆಂದಿದ್ದೇನೆ. ಅವನ ಹೆಸರು ಹ್ಯೂ ಥಾಂಪ್ಸನ್. ಒಂದು ಬೆಳಿಗ್ಗೆ ತನ್ನ ಬಂದೂಕನ್ನು ತನ್ನವರ ಕಡೆಗೇ ತಿರುಗಿಸಿ ನಿಂತವನು.

1943ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿದ. ಬೆಳೆದದ್ದು ಸ್ಟೋನ್ ಮೌಂಟನ್ ಎಂಬ ಊರಲ್ಲಿ. ಅಪ್ಪನ ತಾಯಿ ಚೆರೊಕಿ ಎಂಬ ಮೂಲನಿವಾಸಿ ಜನಾಂಗದವಳು. ಮೊದಲು ನೌಕಾದಳದ ಕಟ್ಟಡ ವಿಭಾಗದಲ್ಲಿ ಮೂರು ವರ್ಷ ದುಡಿದು ಮನೆಗೆ ಬಂದು, ಶವಸಂಸ್ಕಾರ ನಡೆಸಿಕೊಡುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ. ಈ ವಿವರ ಓದಿದಾಗ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಸತ್ತವರನ್ನು ತೊಳೆದು, ಬಟ್ಟೆ ಉಡಿಸಿ, ಗೌರವದಿಂದ ಕಳಿಸಿಕೊಡುವುದೇ ಉದ್ಯೋಗವಾಗಿದ್ದ ಮನುಷ್ಯ ಮುಂದೆ ಏನೇನು ನೋಡಬೇಕಾಗಿ ಬಂತು! 1966ರಲ್ಲಿ ಭೂಸೇನೆಗೆ ಸೇರಿ ಹೆಲಿಕಾಪ್ಟರ್ ಹಾರಿಸುವುದನ್ನು ಕಲಿತ. 1967ರ ಕೊನೆಯಲ್ಲಿ ವಿಯೆಟ್ನಾಮಿಗೆ ಬಂದ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ನಮ್ಮ ಎಂ.ಎ. ತರಗತಿಯವರಿಗಿಂತ ಒಂದೆರಡು ವರ್ಷ ದೊಡ್ಡವನು, ಅಷ್ಟೆ.

ಅವನಿಗೆ ಕೊಟ್ಟದ್ದು ಓ.ಎಚ್. 23 ಎಂಬ ಪುಟ್ಟ ಹೆಲಿಕಾಪ್ಟರ್. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ ಚೇತಕ್ ನೋಡಿದವರಿಗೆ ಇದು ಆಟಿಕೆಯಂತೆ ಕಂಡೀತು. ಮುಂದೆ ಗಾಜಿನ ಬುರುಡೆ, ಒಳಗೆ ಮೂರೇ ಜನಕ್ಕೆ ಜಾಗ. ಕೆಲಸವೂ ವಿಚಿತ್ರ. ಕಾಲಾಳುಗಳ ಮುಂದೆ ಮುಂದೆ, ಮರದ ತುದಿ ಸವರಿಕೊಂಡು ಹಾರಬೇಕು. ವೈರಿ ಅಡಗಿದ್ದರೆ ಅವನು ಇದರ ಮೇಲೆ ಗುಂಡು ಹಾರಿಸುತ್ತಾನೆ. ಆಗ ಮೇಲೆ ಕಾದಿರುವ ದೊಡ್ಡ ಗನ್‌ಶಿಪ್‌ಗಳು ಅವನ ಮೇಲೆ ಎರಗುತ್ತವೆ. ಗಾಳದ ತುದಿಯ ಹುಳು ಇದ್ದ ಹಾಗೆ ಅನ್ನಿ. ಆದರೆ ಅಷ್ಟು ಕೆಳಗೆ ಹಾರುವವನಿಗೆ ಕೆಳಗಿದ್ದವರ ಮುಖ ಕಾಣುತ್ತದೆ. ಎತ್ತರದಲ್ಲಿ ಸುತ್ತುತ್ತಿದ್ದ ದೊಡ್ಡ ಅಧಿಕಾರಿಗಳಿಗೆ ಆ ಕಷ್ಟ ಇರಲಿಲ್ಲ.

1968ರ ಮಾರ್ಚ್ 16, ಶನಿವಾರ. ಕ್ವಾಂಗ್ ನ್ಗಾಯ್ ಪ್ರಾಂತದ ಸೊನ್ ಮಿ ಗ್ರಾಮದಲ್ಲಿ, ಅಮೆರಿಕನ್ನರ ನಕ್ಷೆಯಲ್ಲಿ ಮೈ ಲಾಯ್ ಎಂದು ಗುರುತಾಗಿದ್ದ ಕೇರಿಯಲ್ಲಿ, ವಿಯೆಟ್‌ಕಾಂಗ್ ದಳವೊಂದು ಬೀಡುಬಿಟ್ಟಿದೆ ಅಂತ ಸುದ್ದಿ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಚಾರ್ಲಿ ಕಂಪೆನಿ ಅಲ್ಲಿ ಇಳಿಯಿತು. ಥಾಂಪ್ಸನ್ ಜೊತೆಗಿದ್ದವರು ಇಬ್ಬರು: ಇಪ್ಪತ್ತು ವರ್ಷದ ಗ್ಲೆನ್ ಆಂಡ್ರಿಯೊಟ್ಟಾ, ಹದಿನೆಂಟರ ಲ್ಯಾರಿ ಕೋಲ್ಬರ್ನ್. ಮೂವರೂ ಊರ ಸುತ್ತ ಹಾರಿದರು. ಒಂದು ಗುಂಡೂ ಇವರತ್ತ ಬರಲಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದ ಊರಜನ ಕಂಡಾಗ, ಇವರಿಗೆ ಔಷಧೋಪಚಾರ ಬೇಕು ಎಂಬ ಗುರುತಿಗೆ ಹಸಿರು ಹೊಗೆ ಬಿಟ್ಟು, ಇಂಧನ ತುಂಬಿಸಿಕೊಳ್ಳಲು ಹೋದರು. ತಿರುಗಿ ಬಂದು ನೋಡಿದರೆ ಗುರುತು ಮಾಡಿದ್ದವರೆಲ್ಲ ಹೆಣವಾಗಿದ್ದರು.

ಯಾರು ಕೊಂದರು? ಉತ್ತರ ಅವರ ಕಣ್ಣೆದುರೇ ಸಿಕ್ಕಿತು. ಗದ್ದೆಯಲ್ಲಿ ಬಿದ್ದಿದ್ದ ಒಬ್ಬ ಹೆಂಗಸಿಗಾಗಿ ಹೊಗೆ ಬಿಟ್ಟಿದ್ದರು. ಕಂಪೆನಿಯ ಕ್ಯಾಪ್ಟನ್ ಮೆಡೀನಾ ನಡೆದು ಬಂದು, ಕಾಲಿನಿಂದ ಅಲುಗಿಸಿ, ಹಿಂದೆ ಸರಿದು ಗುಂಡು ಹಾರಿಸಿದ. ಇವರು ತೀರ ಹತ್ತಿರದಲ್ಲೇ ಇದ್ದರು.

ಊರಿನ ಪೂರ್ವಕ್ಕೆ ಒಂದು ನೀರಾವರಿ ಕಾಲುವೆ. ಅದರ ತುಂಬ ಹೆಂಗಸರು, ಮಕ್ಕಳು, ಮುದುಕರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಕೆಲವರು ಇನ್ನೂ ಅಲುಗಾಡುತ್ತಿದ್ದರು. ಥಾಂಪ್ಸನ್ ಕೆಳಗಿಳಿದು ಅಲ್ಲಿದ್ದ ಸಾರ್ಜೆಂಟನನ್ನು ಸಹಾಯ ಕೇಳಿದ. ಇವರ ನೋವು ಮುಗಿಸುವುದೇ ಇವರಿಗೆ ಮಾಡಬಹುದಾದ ಸಹಾಯ ಅಂತ ಅವನ ಉತ್ತರ. ಲೆಫ್ಟಿನೆಂಟ್ ಕ್ಯಾಲಿ ಬಂದು, ಇಲ್ಲಿ ಯಜಮಾನ ನಾನು, ನಿನ್ನ ಕೆಲಸ ನೀನು ನೋಡಿಕೋ ಅನ್ನುವ ಧಾಟಿಯಲ್ಲಿ ಮಾತಾಡಿದ. ಹೆಲಿಕಾಪ್ಟರ್ ಮೇಲೇಳುತ್ತಿದ್ದ ಹಾಗೆ ಆಂಡ್ರಿಯೊಟ್ಟಾ ಕಿರುಚಿಕೊಂಡ: ಸಾರ್ಜೆಂಟ್ ಕಾಲುವೆಯೊಳಕ್ಕೆ ಗುಂಡು ಹಾರಿಸುತ್ತಿದ್ದಾನೆ.

ಇಲ್ಲಿಯವರೆಗೆ ಥಾಂಪ್ಸನ್ ತನ್ನ ಸೈನ್ಯದ ಬಗ್ಗೆ ಏನಾದರೊಂದು ಸಮಾಧಾನ ಹುಡುಕುತ್ತಲೇ ಇದ್ದನಂತೆ. ಫಿರಂಗಿಯ ಗುಂಡು ತಗುಲಿರಬಹುದು, ಹೆಣಗಳನ್ನು ಹೂಳಲು ಕಾಲುವೆಗೆ ತಂದಿರಬಹುದು, ಹೀಗೆ. ಈಗ ಆ ದಾರಿಯೂ ಮುಚ್ಚಿತು.

ಸ್ವಲ್ಪದರಲ್ಲೇ ಊರಾಚೆ ಮಣ್ಣಿನ ಬಂಕರೊಂದಕ್ಕೆ ಓಡುತ್ತಿದ್ದ ಜನ ಕಂಡರು. ಬೆನ್ನ ಹಿಂದೆಯೇ ಸೈನಿಕರು. ಥಾಂಪ್ಸನ್ ಯಾರ ಅಪ್ಪಣೆಗೂ ಕಾಯದೆ ಇಬ್ಬರ ನಡುವೆ ಹೆಲಿಕಾಪ್ಟರ್ ಇಳಿಸಿದ. ಬಂಕರಿನಲ್ಲಿರುವವರನ್ನು ಹೊರಗೆ ತರಲು ಗ್ರೆನೇಡ್ ಒಂದೇ ದಾರಿ ಅಂತ ಅಲ್ಲಿನ ಲೆಫ್ಟಿನೆಂಟ್ ಹೇಳಿದ. ಇವನಿಗಿಂತ ಮೇಲಿನ ದರ್ಜೆಯವನು, ನೆನಪಿರಲಿ. ಥಾಂಪ್ಸನ್ ತನ್ನ ಹುಡುಗರಿಬ್ಬರ ಕಡೆ ತಿರುಗಿ, ಇವರು ಆ ಜನರ ಮೇಲಾಗಲಿ ನನ್ನ ಮೇಲಾಗಲಿ ಗುಂಡು ಹಾರಿಸಿದರೆ ನೀವು ಇವರ ಮೇಲೆ ಹಾರಿಸಿ ಎಂದು ಹೇಳಿ, ಬಂಕರಿನ ಕಡೆ ನಡೆದುಹೋದ. ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿ ಕರೆದ. ಒಬ್ಬೊಬ್ಬರಾಗಿ ಹತ್ತು-ಹನ್ನೆರಡು ಮಂದಿ ಹೊರಬಂದರು. ಅವರಲ್ಲಿ ಮಕ್ಕಳೇ ಹಲವರು.

ಆದರೆ ಕರಕೊಂಡು ಹೋಗೋದು ಎಲ್ಲಿಗೆ, ಯಾವುದರಲ್ಲಿ? ಅವನ ಯಂತ್ರದಲ್ಲಿ ಮೂರೇ ಸೀಟು. ರೇಡಿಯೋದಲ್ಲಿ ಗನ್‌ಶಿಪ್ ಪೈಲಟ್ ಡ್ಯಾನ್ ಮಿಲಿಯನ್ಸ್‌ನನ್ನು ಕರೆದ. ಯುದ್ಧದ ನಡುವೆ ಗನ್‌ಶಿಪ್ ನೆಲಕ್ಕಿಳಿದು ಊರಜನರನ್ನು ಹತ್ತಿಸಿಕೊಳ್ಳುವ ಪದ್ಧತಿಯೇ ಇಲ್ಲ; ನಿಂತ ಹೆಲಿಕಾಪ್ಟರಿನಷ್ಟು ಸುಲಭದ ಗುರಿ ಇನ್ನೊಂದಿಲ್ಲ. ಆದರೂ ಆತ ಇಳಿದ. ಎರಡು ಸಲ ಓಡಾಡಿ ಅಷ್ಟೂ ಜನರನ್ನು ಸಾಗಿಸಿದ. ಅಷ್ಟು ಹೊತ್ತೂ ಥಾಂಪ್ಸನ್ ಆ ಜನಕ್ಕೂ ಸೈನಿಕರಿಗೂ ನಡುವೆ ನಿಂತೇ ಇದ್ದ.

ಹೊರಡುವಾಗ ಮತ್ತೆ ಕಾಲುವೆಯ ಮೇಲೆ ಹಾದರು. ಏನೋ ಅಲುಗಿದ್ದನ್ನು ಕಂಡ ಆಂಡ್ರಿಯೊಟ್ಟಾ ಹೆಣಗಳ ನಡುವೆ ಸೊಂಟದವರೆಗೆ ಇಳಿದು, ರಕ್ತದಲ್ಲಿ ತೊಯ್ದ ಒಂದು ಮಗುವನ್ನು ಎತ್ತಿ ತಂದ. ಕೋಲ್ಬರ್ನ್ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡ. ಥಾಂಪ್ಸನ್‌ಗೂ ಮನೆಯಲ್ಲಿ ಪುಟ್ಟ ಮಗನಿದ್ದ. ಮಗುವನ್ನು ಕ್ವಾಂಗ್ ನ್ಗಾಯ್ ಆಸ್ಪತ್ರೆಗೆ ಸೇರಿಸಿ, ಬಿಡಾರಕ್ಕೆ ಹಿಂತಿರುಗಿ, ಮೇಲಧಿಕಾರಿಗಳೆದುರು ಕೂಗಾಡಿ ವರದಿ ಕೊಟ್ಟ. ಕೊಲ್ಲುವುದನ್ನು ನಿಲ್ಲಿಸಿ ಎಂಬ ಆಜ್ಞೆ ರೇಡಿಯೋದಲ್ಲಿ ಹೋಯಿತು. ಅಷ್ಟರಲ್ಲಿ ಸತ್ತವರು, ವಿಯೆಟ್ನಾಮಿನ ಲೆಕ್ಕದಂತೆ, 504 ಜನ.

ನಮ್ಮ ಕೂಟದಲ್ಲಿ ಈ ವಿಷಯ ಬಂದಾಗ ಒಬ್ಬ ಗೆಳೆಯ ವಾದಕ್ಕೆ ನಿಂತ. ಸೈನಿಕರೆಲ್ಲ ಹೀಗೆ ತಮಗೆ ಸರಿ ಕಂಡದ್ದು ಮಾಡಿದರೆ ಸೈನ್ಯ ಉಳಿಯುತ್ತದೆಯೆ ಅಂತ. ಪ್ರಶ್ನೆ ಸಣ್ಣದಲ್ಲ. ನನಗೆ ತೋಚುವುದು ಇಷ್ಟೆ: ಅವತ್ತು ಸೈನ್ಯದ ನಿಯಮ ಮುರಿದವರು ಕಾಲುವೆಯ ದಡದಲ್ಲಿದ್ದರು. ನಿಯಮ ಪುಸ್ತಕದಲ್ಲಿದ್ದ ಹಾಗೆ ನಡೆದುಕೊಂಡವನು ಥಾಂಪ್ಸನ್. ಅದನ್ನು ಅವನು ಪುಸ್ತಕ ನೋಡಿ ಮಾಡಲಿಲ್ಲ ಅನ್ನೋದು ಬೇರೆ ಮಾತು.

ಮುಂದಿನದ್ದು ಕಹಿ. ಮೂರು ವಾರದಲ್ಲಿ ಆಂಡ್ರಿಯೊಟ್ಟಾ ಯುದ್ಧದಲ್ಲಿ ಸತ್ತ. ಥಾಂಪ್ಸನ್ ಹಾರುತ್ತಲೇ ಇದ್ದ, ಹಲವು ಸಲ ಉರುಳಿಬಿದ್ದ, ಕೊನೆಯ ಸಲ ಬೆನ್ನುಮೂಳೆ ಮುರಿದುಕೊಂಡು ಜಪಾನಿನ ಆಸ್ಪತ್ರೆ ಸೇರಿದ. ನಡುವೆ ಸೈನ್ಯ ಅವನಿಗೊಂದು ಪದಕ ಕೊಟ್ಟಿತ್ತು: ಎರಡೂ ಕಡೆಯ ಗುಂಡಿನ ನಡುವೆ ಸಿಕ್ಕಿಬಿದ್ದ ಮಗುವನ್ನು ಉಳಿಸಿದ್ದಕ್ಕೆ ಎಂದು ಬರೆದು. ಆ ದಿನ ಎರಡು ಕಡೆ ಇರಲೇ ಇಲ್ಲವಲ್ಲ! ಬಾಯಿ ಮುಚ್ಚಿಸಲು ಕೊಟ್ಟದ್ದೆಂದು ಅವನಿಗೆ ಅರ್ಥವಾಯಿತು, ಎಸೆದುಬಿಟ್ಟ.

1969ರ ನವೆಂಬರಿನಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಒಡೆಯಿತು. ಥಾಂಪ್ಸನ್ ಸಾಕ್ಷಿ ಹೇಳಿದ. ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷ ಮೆಂಡೆಲ್ ರಿವರ್ಸ್, ಈ ಪ್ರಕರಣದಲ್ಲಿ ಶಿಕ್ಷೆ ಆಗಬೇಕಾದರೆ ಸ್ವಂತ ಸೈನಿಕರ ಮೇಲೆ ಬಂದೂಕು ತಿರುಗಿಸಿದ ಈ ಪೈಲಟ್‌ಗೇ ಆಗಬೇಕು ಅನ್ನುವವರೆಗೆ ಹೋದ. ಅಧಿಕಾರಿಗಳ ಕ್ಲಬ್ಬಿಗೆ ಇವನು ಕಾಲಿಟ್ಟರೆ ಇದ್ದವರು ಎದ್ದುಹೋಗುತ್ತಿದ್ದರು. ರಾತ್ರಿ ಕೊಲೆಬೆದರಿಕೆಯ ಫೋನು. ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯ ಮೇಲೆ ಸತ್ತ ಪ್ರಾಣಿ. ಕ್ಯಾಲಿಗೆ 1971ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಆದರೆ ಅಧ್ಯಕ್ಷ ನಿಕ್ಸನ್ ಕೃಪೆಯಿಂದ ಸುಮಾರು ಮೂರೂವರೆ ವರ್ಷ ಗೃಹಬಂಧನದಲ್ಲಿ ಮುಗಿಯಿತು. ಅವನನ್ನು ಹೊಗಳಿದ ಹಾಡಿನ ರೆಕಾರ್ಡು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಮೆಡೀನಾ ಖುಲಾಸೆ. ಉಳಿದವರ ಮಾತೇ ಬೇಡ.

ಥಾಂಪ್ಸನ್ 1983ರವರೆಗೆ ಸೈನ್ಯದಲ್ಲೇ ಇದ್ದ. ಆಮೇಲೆ ಮೆಕ್ಸಿಕೋ ಕೊಲ್ಲಿಯ ತೈಲಬಾವಿಗಳಿಗೆ ಹೆಲಿಕಾಪ್ಟರ್ ಓಡಿಸಿದ. ಕುಡಿತ, ಮುರಿದ ಸಂಸಾರ, ದುಃಸ್ವಪ್ನ ಎಲ್ಲವೂ ಜೊತೆಗಿದ್ದವು. ವೀರನ ಚರಿತ್ರೆ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು ಅಂತ ನನ್ನ ಅಭಿಪ್ರಾಯ. 1989ರ ಒಂದು ಟಿ.ವಿ. ಸಾಕ್ಷ್ಯಚಿತ್ರ ನೋಡಿದ ಡೇವಿಡ್ ಈಗನ್ ಎಂಬ ಪ್ರಾಧ್ಯಾಪಕ ವರ್ಷಗಟ್ಟಲೆ ಪತ್ರ ಬರೆದು ಬರೆದು ಸರಕಾರದ ಬೆನ್ನುಹತ್ತಿದ. ಕೊನೆಗೆ ಸೈನ್ಯ ಪದಕ ಕೊಡಲು ಒಪ್ಪಿತು, ಆದರೆ ಸದ್ದಿಲ್ಲದೆ. ಥಾಂಪ್ಸನ್ ಪಟ್ಟು ಹಿಡಿದ: ತನ್ನ ಇಬ್ಬರು ಹುಡುಗರಿಗೂ ಕೊಡಬೇಕು, ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಎದುರು ಎಲ್ಲರ ಮುಂದೆ ಕೊಡಬೇಕು. 1998ರ ಮಾರ್ಚ್ 6ರಂದು ಹಾಗೇ ನಡೆಯಿತು. ಆಂಡ್ರಿಯೊಟ್ಟಾನಿಗೆ ಮರಣೋತ್ತರವಾಗಿ. ಆ ಸೋಲ್ಜರ್ಸ್ ಮೆಡಲ್ ಇರುವುದೇ ವೈರಿಯೊಡನೆ ಕಾದಾಟವಿಲ್ಲದ ಸಂದರ್ಭದಲ್ಲಿ ತೋರಿದ ಸಾಹಸಕ್ಕೆ. ಮೂವತ್ತು ವರ್ಷದ ನಂತರ, ಪದಕದ ವರ್ಗದ ಮೂಲಕವಾದರೂ, ಅವತ್ತು ಅಲ್ಲಿ ವೈರಿ ಇರಲಿಲ್ಲ ಅಂತ ಒಪ್ಪಿಕೊಂಡ ಹಾಗಾಯಿತು.

ಅದೇ ತಿಂಗಳು ಥಾಂಪ್ಸನ್, ಕೋಲ್ಬರ್ನ್ ಇಬ್ಬರೂ ಸೊನ್ ಮಿಗೆ ಹೋದರು. ಬದುಕುಳಿದ ಹೆಂಗಸರು ಬಂದು ಕೈಹಿಡಿದುಕೊಂಡರು. ಅವರಲ್ಲೊಬ್ಬಳು, ಕೊಂದವರು ನಿಮ್ಮ ಜೊತೆ ಯಾಕೆ ಬರಲಿಲ್ಲ ಅಂತ ಕೇಳಿದಳಂತೆ. ಥಾಂಪ್ಸನ್‌ಗೆ ಎದೆ ಧಸಕ್ಕೆಂದಿತು. ಬಂದಿದ್ದರೆ ನಾವು ಕ್ಷಮಿಸುತ್ತಿದ್ದೆವಲ್ಲ ಎಂದು ಅವಳು ಮಾತು ಮುಗಿಸಿದಳು. ಅಂಥ ದೊಡ್ಡತನ ತನ್ನಲ್ಲಿಲ್ಲ, ತಾನಂತೂ ಅವರನ್ನು ಕ್ಷಮಿಸಲಾರೆ ಎಂದು ಅವನು ಆಮೇಲೆ ಹೇಳಿಕೊಂಡ.

ಕೊನೆಯ ವರ್ಷಗಳಲ್ಲಿ ಅಮೆರಿಕದ ಸೈನಿಕ ಶಾಲೆಗಳವರೇ ಅವನನ್ನು ಕರೆಸಿ ಕೆಡೆಟ್‌ಗಳಿಗೆ ಭಾಷಣ ಮಾಡಿಸಿದರು. 2006ರ ಜನವರಿ 6ರಂದು, ಅರವತ್ತೆರಡನೆಯ ವಯಸ್ಸಿನಲ್ಲಿ, ಲೂಸಿಯಾನಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ. ಹಾಸಿಗೆಯ ಪಕ್ಕದಲ್ಲಿ ಲ್ಯಾರಿ ಕೋಲ್ಬರ್ನ್ ಕೂತಿದ್ದ.