ರಸಜ್ಞ ದೊರೆ ಭೂಲೋಕಮಲ್ಲ

ಮೈಲಾರಕ್ಕೆ ಸಮೀಪದಲ್ಲಿ, ತುಂಗಭದ್ರೆಯ ದಡದ ಮೇಲೆ, ಕುರುವತ್ತಿಯೆಂಬ ಊರಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು ವಾಸಿಯಾಗದ ಜ್ವರದಿಂದ ಬಳಲಿ, 1068ರಲ್ಲಿ ಇಲ್ಲಿಯೇ ಹೊಳೆಗಿಳಿದು ಜಲಸಮಾಧಿ ಹೊಂದಿದನು. ಅವನ ಮೊಮ್ಮಗನೇ ಮೂರನೆಯ ಸೋಮೇಶ್ವರ. ಯಾವ ಋತುವಿನಲ್ಲಿ ಯಾವ ನೀರು ಕುಡಿಯಲು ತಕ್ಕದ್ದೆಂಬುದನ್ನು ಸಹ ಶಾಸ್ತ್ರವಾಗಿ ಬರೆದಿಟ್ಟ ದೊರೆ ಈತ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಈ ರಾಜಮನೆತನ ಹೊರಗಿನದಲ್ಲ. ಅಂದು ಈ ಭಾಗ ನೊಳಂಬವಾಡಿಯೆನಿಸಿತ್ತು. ಉಚ್ಚಂಗಿಯ ಪಾಂಡ್ಯರು ಚಾಲುಕ್ಯರ ಸಾಮಂತರಾಗಿ ಇದನ್ನಾಳಿದರು. ಹರಪನಹಳ್ಳಿಯ ಬಳಿಯ ಬಾಗಳಿಯಲ್ಲಿಯೂ ಕೂಡ್ಲಿಗಿಯ ಕಡೆಯ ಅಂಬಳಿಯಲ್ಲಿಯೂ ನಿಂತಿರುವ ಕಲ್ಲೇಶ್ವರ ಗುಡಿಗಳು ಆ ಕಾಲದ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿವೆ.

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನು ಐವತ್ತು ವರ್ಷ ಆಳಿದ ಪ್ರತಾಪಶಾಲಿ. ಅಂಥ ತಂದೆಯ ನೆರಳಿನಿಂದ ಹೊರಬಂದು 1126ರ ಸುಮಾರಿಗೆ ಪಟ್ಟವೇರಿದ ಮಗ ಭೂಲೋಕಮಲ್ಲನೆಂಬ ಬಿರುದನ್ನು ಧರಿಸಿದನು. ಆದರೆ ಅವನಿಗೆ ನಿಜವಾಗಿ ಒಪ್ಪಿದ್ದು ಸರ್ವಜ್ಞನೆಂಬ ಹೆಸರು. ತಂದೆಯ ಚರಿತ್ರೆಯನ್ನು ‘ವಿಕ್ರಮಾಂಕಾಭ್ಯುದಯ’ವೆಂದು ಸಂಸ್ಕೃತದಲ್ಲಿ ರಚಿಸಿದನು. 1129ರ ಹೊತ್ತಿಗೆ ‘ಮಾನಸೋಲ್ಲಾಸ’ ಸಿದ್ಧವಾಯಿತು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ಅಭಿಲಷಿತಾರ್ಥ ಚಿಂತಾಮಣಿ ಎಂಬುದು ಅದರ ಇನ್ನೊಂದು ಹೆಸರು.

ರಾಜ್ಯವನ್ನು ಪಡೆಯುವ ಬಗೆಯಿಂದ ಆರಂಭವಾಗುವ ಈ ಗ್ರಂಥ ಅರಸನ ಊಟದ ಮನೆಯನ್ನೂ ಬಿಡುವುದಿಲ್ಲ. ಇಂದಿನ ಇಡ್ಲಿ, ದೋಸೆ, ವಡೆಗಳ ಪೂರ್ವಜರು ಅಲ್ಲಿ ಕಾಣಸಿಗುತ್ತಾರೆ. ಪಾನೀಯದ ವಿಷಯ ಬಂದಾಗಲಂತೂ ದೊರೆಯ ನಾಲಿಗೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮಳೆಯ ನೀರು, ಹೊಳೆಯ ನೀರು, ಝರಿಯ ನೀರು, ಕೆರೆಯ ನೀರು, ಬಾವಿಯ ನೀರು ಇವು ಅವನಿಗೆ ಒಂದೇ ಅಲ್ಲ. ಹಗಲು ಬಿಸಿಲಿಗೆ ಕಾದು, ಇರುಳು ಬೆಳದಿಂಗಳಿಗೆ ತಣಿದ ಶರತ್ಕಾಲದ ನೀರು ಹಂಸೋದಕ. ಪಾದರಿ, ಸಂಪಿಗೆ ಮೊದಲಾದ ಹೂಗಳಿಂದ ನೀರಿಗೆ ಕಂಪೂಡಿಸುವುದೂ ಒಂದು ಕಲೆಯೇ.

ಕೊನೆಯ ವಿಂಶತಿಯ ಕ್ರೀಡೆಗಳಲ್ಲಿ ಮದಿರಾಪಾನವೂ ಒಂದು. ಅಂತಃಪುರದ ಸ್ತ್ರೀಯರ ಪಾನಗೋಷ್ಠಿಯನ್ನು ವರ್ಣಿಸುವಾಗ ದೊರೆಗೆ ಸಂಕೋಚವಿಲ್ಲ. ದ್ರಾಕ್ಷಿಯ ಮದ್ಯ, ಕಬ್ಬಿನ ಮದ್ಯ, ತಾಳೆಯ ಮದ್ಯ, ತೆಂಗಿನ ಆಸವ ಎಂದು ಮೂಲವಸ್ತುವಿನಿಂದಲೇ ಅವುಗಳ ಜಾತಿಯನ್ನು ಗುರುತಿಸುತ್ತಾನೆ. ಧಾನ್ಯವನ್ನು ಹುಳಿಯಿಸಿ ಮಾಡುವ ಸುರೆಯೂ ನಮ್ಮ ನಾಡಿಗೆ ಬಹು ಹಳೆಯದು. ಇಂದಿನ ಬಿಯರಿಗೆ ಅದೇ ಹತ್ತಿರದ ನೆಂಟ. ಋತುವಿಗೊಂದು ಬಗೆಯ ಬಿಯರನ್ನು ಕಾಸಿ, ಅದರ ಬಣ್ಣ, ಕಂಪು, ಕಹಿಗಳನ್ನು ಅಳೆದು ಬರೆಯುವವರು ಈಗ ಬೆಂಗಳೂರಿನಲ್ಲಿದ್ದಾರೆ. ಈ ಅಭಿರುಚಿ ಪರದೇಶದಿಂದ ಮೊನ್ನೆ ಬಂದದ್ದೆಂದು ತಿಳಿಯುವವರು ಒಂಬತ್ತು ಶತಮಾನಗಳ ಹಿಂದಿನ ಈ ಕನ್ನಡ ನಾಡಿನ ದೊರೆಯನ್ನು ನೆನೆಯಬೇಕು.

ಹಾಗೆಂದು ಈತನನ್ನು ಬರಿಯ ವಿಲಾಸಿಯೆಂದು ತಳ್ಳಿಹಾಕುವುದು ನ್ಯಾಯವೆ? ಅವನ ಕಾಲದಲ್ಲಿ ಹೊಯ್ಸಳ ವಿಷ್ಣುವರ್ಧನನು ದಕ್ಷಿಣದಲ್ಲಿ ತಲೆಯೆತ್ತುತ್ತಿದ್ದನು. ತಂದೆಯ ಖಡ್ಗದ ಮೊನೆ ಮಗನಲ್ಲಿರಲಿಲ್ಲವೆಂಬುದು ದಿಟ. ಆದರೆ ಅದೇ ಗ್ರಂಥದ ಮೊದಲ ಭಾಗವನ್ನು ಓದಿದವರಿಗೆ ಬೇರೊಬ್ಬ ಸೋಮೇಶ್ವರ ಕಾಣುತ್ತಾನೆ. ಸುಳ್ಳನ್ನು ಬಿಡುವುದು, ಪರದ್ರೋಹವನ್ನು ಬಿಡುವುದು, ತಿನ್ನಬಾರದ್ದನ್ನು ಬಿಡುವುದು, ಕೋಪವನ್ನು ಬಿಡುವುದು ಇವೇ ಅಲ್ಲಿ ರಾಜ್ಯಪ್ರಾಪ್ತಿಯ ಸಾಧನಗಳು. ಬಿಡುವುದನ್ನು ಮೊದಲು ಕಲಿಸಿ, ಭೋಗವನ್ನು ಆಮೇಲೆ ಇಟ್ಟ ಈ ಅನುಕ್ರಮ ಆಕಸ್ಮಿಕವೆಂದು ತೋರುವುದಿಲ್ಲ. ಅಮಲೇರಿದವನಿಗೆ ನೀರಿನ ಭೇದ ತಿಳಿಯದು. ಅದನ್ನು ತಿಳಿಯಲು ನಾಲಿಗೆಗೂ ಒಂದು ನಿಗ್ರಹ ಬೇಕು.

1138ರಲ್ಲಿ ಸೋಮೇಶ್ವರನು ತೀರಿಕೊಂಡನು. ಮಗ ಇಮ್ಮಡಿ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯನ್ನು ಬರೆದು ತಂದೆಯ ವಿದ್ಯೆಯನ್ನು ಮುಂದುವರಿಸಿದನು. ಕಾಲು ಶತಮಾನದೊಳಗೆ ಕಲ್ಯಾಣ ಕಲಚುರಿ ಬಿಜ್ಜಳನ ಪಾಲಾಯಿತು. ಸಾಮ್ರಾಜ್ಯ ಕರಗಿದರೂ ಗ್ರಂಥ ಉಳಿಯಿತು. 1925ರಿಂದ 1961ರವರೆಗೆ ಬರೋಡೆಯಿಂದ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಕುರುವತ್ತಿಗೆ ಹೋದವರು ಮಲ್ಲಿಕಾರ್ಜುನನ ಗುಡಿಯನ್ನು ನೋಡಿ, ಹೊಳೆಯ ನೀರನ್ನು ಬೊಗಸೆಯಲ್ಲಿ ಹಿಡಿದಾಗ, ಆ ನೀರಿನಲ್ಲಿ ಮರೆಯಾದ ಅಜ್ಜನೊಡನೆ, ನೀರಿನ ರುಚಿಯನ್ನು ಬರೆದಿಟ್ಟ ಮೊಮ್ಮಗನನ್ನೂ ಒಮ್ಮೆ ನೆನೆಯಲಿ.