ಕಿವಿಯೊಳಗಿನ ತಕ್ಕಡಿ ಮತ್ತು ರಾಬರ್ಟ್ ಬಾರಾನಿ

ಮಕ್ಕಳೇ, ಅಪ್ಪಾಲೆ ತಿಪ್ಪಾಲೆ ಆಡಿ ಗಕ್ಕನೆ ನಿಂತಾಗ ಶಾಲೆಯ ಅಂಗಳವೇ ತಿರುಗಿದಂತೆ ಕಾಣುತ್ತದಲ್ಲವೇ? ಆಗ ನಿಮ್ಮ ಜೊತೆ ಆಡಿದವರ ಕಣ್ಣುಗಳನ್ನು ನೋಡಿ. ಕಣ್ಣುಗುಡ್ಡೆಗಳು ಅತ್ತಿತ್ತ ಅದುರುತ್ತಿರುತ್ತವೆ. ಈ ಅದುರಾಟದಿಂದಲೇ ಒಳಕಿವಿಯ ಗುಟ್ಟು ತಿಳಿದ ವೈದ್ಯರು ರಾಬರ್ಟ್ ಬಾರಾನಿ.

ಬಾರಾನಿ 1876ರ ಏಪ್ರಿಲ್ 22ರಂದು ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಜನಿಸಿದರು. ಬಾಲ್ಯದಲ್ಲೇ ಮೂಳೆಯ ಕ್ಷಯರೋಗ ತಗುಲಿ ಅವರ ಮೊಣಕಾಲು ಸೆಟೆದುಕೊಂಡಿತು. ಆದರೂ ಟೆನಿಸ್ ಆಡುತ್ತಿದ್ದರು, ಬೆಟ್ಟ ಹತ್ತುತ್ತಿದ್ದರು! 1900ರಲ್ಲಿ ವೈದ್ಯ ಪದವಿ ಪಡೆದು, ಮುಂದೆ ಅದೇ ಊರಿನ ಕಿವಿ ಚಿಕಿತ್ಸಾಲಯ ಸೇರಿದರು.

ಅಲ್ಲಿ ಪಿಚಕಾರಿಯಿಂದ ನೀರು ಹಾಯಿಸಿ ರೋಗಿಗಳ ಕಿವಿ ತೊಳೆಯುತ್ತಿದ್ದರು. ಆಗ ಕೆಲವರಿಗೆ ತಲೆ ಸುತ್ತುತ್ತಿತ್ತು, ಕಣ್ಣುಗಳು ಅದುರುತ್ತಿದ್ದವು. ನೀರು ತಣ್ಣಗಿರುವುದೇ ಇದಕ್ಕೆ ಕಾರಣವೆಂದು ರೋಗಿಯೊಬ್ಬರು ದೂರಿದರು. ಬಾರಾನಿ ಬಿಸಿ ನೀರು ಬಳಸಿದರು. ಆಗಲೂ ತಲೆ ಸುತ್ತಿತು. ಆದರೆ ಕಣ್ಣುಗಳು ಅದುರುವ ದಿಕ್ಕು ಮಾತ್ರ ತಿರುವುಮುರುವಾಗಿತ್ತು!

ಬೇರೆಯವರಾಗಿದ್ದರೆ ನೀರಿನ ಹದ ಸರಿಪಡಿಸಿ ಸುಮ್ಮನಾಗುತ್ತಿದ್ದರೇನೋ. ಬಾರಾನಿಗೆ ಬಚ್ಚಲಿನ ನೀರೊಲೆ ನೆನಪಾಯಿತು. ಅದರಲ್ಲಿ ಬಿಸಿ ನೀರು ಮೇಲೇರಿ ತಣ್ಣೀರು ತಳದಲ್ಲೇ ಉಳಿಯುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದರು. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿಸಿದಾಗ ಅಲ್ಲಿನ ಚಲನೆಯ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಬಿಸಿ ನೀರಿನಿಂದ ಈ ದ್ರವ ಮೇಲೇರುತ್ತದೆ, ತಣ್ಣೀರಿನಿಂದ ಕೆಳಗಿಳಿಯುತ್ತದೆ. ತಲೆ ಅಲುಗದಿದ್ದರೂ ಮಿದುಳಿಗೆ ತಲೆ ತಿರುಗಿದಂತೆ ಸುದ್ದಿ ಮುಟ್ಟುತ್ತದೆ ಎಂದು ಅವರು ತರ್ಕಿಸಿದರು. ಹೀಗೆ ಒಂದೊಂದು ಕಿವಿಯನ್ನೂ ಬೇರೆಯಾಗಿ ಪರೀಕ್ಷಿಸುವ ದಾರಿ ಸಿಕ್ಕಿತು. (ನೀವು ಮಾತ್ರ ಕಿವಿಗೆ ನೀರು ಬಿಟ್ಟುಕೊಳ್ಳಬೇಡಿ!)

ಒಳಕಿವಿ ಎಲ್ಲಿದೆ ಗೊತ್ತೇ? ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಅಲುಗುವುದು ದವಡೆಯ ಕೀಲು. ಅದರ ಹಿಂದೆ, ಗಟ್ಟಿ ಮೂಳೆಯೊಳಗೆ ಒಳಕಿವಿ ಅಡಗಿದೆ. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ರೀತಿಗೂ ದೇಹದ ಸಮತೋಲನಕ್ಕೂ ನಂಟಿದೆಯೇ ಎಂದು ಸಂಶೋಧಕರು ಪರೀಕ್ಷಿಸಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಸಿಕ್ಕಿಲ್ಲ. ಹಲ್ಲು ಸೊಟ್ಟಗಿದ್ದರೆ ನಡೆಯುವಾಗ ಬೀಳುತ್ತೇವೆಂಬ ಭಯವಂತೂ ಬೇಡ. ನಮ್ಮನ್ನು ಮುಖ್ಯವಾಗಿ ನಿಲ್ಲಿಸುವುದು ಒಳಕಿವಿ, ಕಣ್ಣು, ಸ್ನಾಯು ಮತ್ತು ಕೀಲುಗಳು.

1914ರಲ್ಲಿ ಮಹಾಯುದ್ಧ ಶುರುವಾದಾಗ ಬಾರಾನಿ ತಾವಾಗಿಯೇ ಸೈನ್ಯದ ವೈದ್ಯರಾದರು. 1915ರಲ್ಲಿ ರಷ್ಯನ್ನರಿಗೆ ಸೆರೆಸಿಕ್ಕಿ ದೂರದ ಮಧ್ಯ ಏಷ್ಯಾದ ಮೆರ್ವ್ ಶಿಬಿರ ಸೇರಿದರು. ಅವರಿಗೆ 1914ನೇ ಸಾಲಿನ ನೊಬೆಲ್ ಪ್ರಶಸ್ತಿ ಬಂದ ಸುದ್ದಿ ತಲುಪಿದ್ದು ಆ ಸೆರೆಯಲ್ಲಿ! ರೆಡ್‌ಕ್ರಾಸ್ ಪರವಾಗಿ ಸ್ವೀಡನ್ನಿನ ರಾಜಕುಮಾರ ಕಾರ್ಲ್ ಪ್ರಯತ್ನಿಸಿದ್ದರಿಂದ 1916ರಲ್ಲಿ ಬಿಡುಗಡೆಯಾಯಿತು.

ಊರಿಗೆ ಮರಳಿದರೆ ಅಲ್ಲೂ ನೆಮ್ಮದಿಯಿಲ್ಲ. ಬೇರೆಯವರ ಕೆಲಸಕ್ಕೆ ತಕ್ಕ ಮನ್ನಣೆ ಕೊಡಲಿಲ್ಲವೆಂದು ಸಹೋದ್ಯೋಗಿಗಳು ಆರೋಪಿಸಿದರು. 1917ರಲ್ಲಿ ಅವರು ಸ್ವೀಡನ್ನಿನ ಉಪ್ಸಾಲಾಕ್ಕೆ ಹೋದರು. 1936ರ ಏಪ್ರಿಲ್ 8ರಂದು ಅಲ್ಲೇ ತೀರಿಕೊಂಡರು.

1983ರಲ್ಲಿ ಸ್ಪೇಸ್‌ಲ್ಯಾಬ್ ಬಾಹ್ಯಾಕಾಶ ಪ್ರಯೋಗಾಲಯದಲ್ಲಿ ಗಗನಯಾತ್ರಿಗಳ ಕಿವಿಗೆ ಬಿಸಿ ಮುಟ್ಟಿಸಿ ನೋಡಿದರು. ತೂಕವೇ ಇಲ್ಲದ ಅಲ್ಲಿ ಬಿಸಿ ದ್ರವ ಮೇಲೇರುವುದಿಲ್ಲ. ಆದರೂ ಕಣ್ಣುಗಳು ಅದುರಿದವು! ಅಂದರೆ ಬಾರಾನಿಯವರ ನೀರೊಲೆಯ ವಿವರಣೆಯೊಂದೇ ಸಾಲದು. ಪರೀಕ್ಷೆಯಂತೂ ಇಂದಿಗೂ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.