ಗೆರೆಯ ಮೇಷ್ಟ್ರು ಟರ್ನರ್

ಫಸ್ಟ್ ಇಯರ್‌ನಲ್ಲಿ ಇಂಜಿನಿಯರಿಂಗ್ ಡ್ರಾಯಿಂಗ್ ಜೊತೆ ಗುದ್ದಾಡಿ ಬಂದವರಿಗೆ ಪರ್ಸ್‌ಪೆಕ್ಟಿವ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅದೇ ಸಬ್ಜೆಕ್ಟಿಗೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 1807ರಿಂದ ಸುಮಾರು 30 ವರ್ಷ ಪ್ರೊಫೆಸರ್ ಆಗಿದ್ದವನು ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್. ವಿಚಿತ್ರ ನೋಡಿ, ಈ ಮೇಷ್ಟ್ರು ವಯಸ್ಸಾದ ಮೇಲೆ ಬರೆದ ಎಷ್ಟೋ ಚಿತ್ರಗಳಲ್ಲಿ ಹುಡುಕಿದರೂ ಒಂದು ನೆಟ್ಟಗಿನ ಗೆರೆ ಸಿಗಲ್ಲ. ಬರೀ ಬೆಳಕು, ಮಂಜು, ನೀರು, ಹೊಗೆ. ಗೆರೆ ಎಳೆಯೋಕೆ ಬರದೆ ಹೀಗೆ ಮಾಡಿದ ಅನ್ನೋ ಹಾಗಿಲ್ಲ.

ಟರ್ನರ್ ಹುಟ್ಟಿದ್ದು 1775ರಲ್ಲಿ, ಲಂಡನ್ನಿನ ಕೋವೆಂಟ್ ಗಾರ್ಡನ್ ಪಕ್ಕದ ಒಂದು ಗಲ್ಲಿಯಲ್ಲಿ. ಅಪ್ಪ ಕ್ಷೌರದ ಅಂಗಡಿ ಇಟ್ಟಿದ್ದ. ಮಗ ಬರೆದ ಚಿತ್ರಗಳನ್ನು ಅಂಗಡಿಯ ಕಿಟಕಿಗೆ ತೂಗುಹಾಕಿ ಒಂದೆರಡು ಶಿಲಿಂಗಿಗೆ ಮಾರುತ್ತಿದ್ದ. ತಂಗಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು. ತಾಯಿಯ ಮನಸ್ಸಿನ ಸ್ಥಿಮಿತ ತಪ್ಪಿ 1800ರಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸಿದರು, 1804ರಲ್ಲಿ ಅವಳೂ ಹೋದಳು. ಮುಂದೆ ಯಾರಾದರೂ ತಾಯಿಯ ಸುದ್ದಿ ಎತ್ತಿದರೆ ಅವನಿಗೆ ಸಹಿಸುತ್ತಿರಲಿಲ್ಲವಂತೆ. ಅಪ್ಪ ಮಾತ್ರ ಅಂಗಡಿ ಮುಚ್ಚಿ ಮಗನ ಸಹಾಯಕನಾಗಿಬಿಟ್ಟ. ಕ್ಯಾನ್ವಾಸು ಬಿಗಿಯೋದು, ವಾರ್ನಿಷ್ ಹಚ್ಚೋದು ಎಲ್ಲ ಅವನದೇ. 1829ರಲ್ಲಿ ಸಾಯುವವರೆಗೂ ಅಪ್ಪ-ಮಗ ಜೊತೆಗೇ ಇದ್ದರು.

ಹುಡುಗ ಮೊದಲು ಪಳಗಿದ್ದು ಕಟ್ಟಡಗಳ ಚಿತ್ರ ಬರೆಯುವ ಥಾಮಸ್ ಮಾಲ್ಟನ್ ಹತ್ತಿರ. ಅಂದ್ರೆ ಸ್ಕೇಲು, ಕೋನ, ವ್ಯಾನಿಷಿಂಗ್ ಪಾಯಿಂಟ್. 14ನೇ ವಯಸ್ಸಿಗೆ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ. 1796ರಲ್ಲಿ ಮೊದಲ ತೈಲಚಿತ್ರ ಪ್ರದರ್ಶನಕ್ಕೆ ಬಂತು: ಬೆಳದಿಂಗಳ ಕಡಲಿನಲ್ಲಿ ಮೀನುಗಾರರ ಪುಟ್ಟ ದೋಣಿ. 26ಕ್ಕೆ ಅಕಾಡೆಮಿಯ ಪೂರ್ಣ ಸದಸ್ಯ.

ನಮ್ಮ ಕಡೆಗೂ ಒಂದು ಕೊಂಡಿ ಇದೆ. 1799ರಲ್ಲಿ ಟಿಪ್ಪು ಮಡಿದು ಶ್ರೀರಂಗಪಟ್ಟಣ ಬ್ರಿಟಿಷರ ಕೈಸೇರಿದ್ದು ಲಂಡನ್ನಿನವರಿಗೆ ದೊಡ್ಡ ಸುದ್ದಿ. 1800ರ ಸುಮಾರಿಗೆ ಟರ್ನರ್ ಕೂಡ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಇಂಡಿಯಾಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ. ಆ ಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಕಾವೇರಿ ತೀರವನ್ನು ಕಾಣದೆ ಬರೆದ ಈ ಕೆಲಸಕ್ಕಿಂತ ಅವನು ಕಣ್ಣಾರೆ ಕಂಡು ಬರೆದದ್ದೇ ದೊಡ್ಡದು ಅನ್ನೋದು ನನ್ನ ಅನಿಸಿಕೆ.

ಕಣ್ಣಾರೆ ಕಾಣೋದು ಅಂದ್ರೆ ಅವನಿಗೆ ತಿರುಗಾಟ. ಬೇಸಿಗೆ ಬಂತು ಅಂದ್ರೆ ಊರು ಬಿಟ್ಟ. ವೇಲ್ಸ್, ಸ್ಕಾಟ್‌ಲ್ಯಾಂಡ್, 1802ರಲ್ಲಿ ಆಲ್ಪ್ಸ್, 1819ರಲ್ಲಿ ಇಟಲಿ. ಜೇಬಿನಲ್ಲಿ ಪುಟ್ಟ ನೋಟ್‌ಬುಕ್ಕು, ಒಂದು ಪೆನ್ಸಿಲ್. ಜಾಗದಲ್ಲಿ ಗೆರೆ, ಬಣ್ಣ ಬಹುತೇಕ ಮನೆಗೆ ಬಂದು ನೆನಪಿನಿಂದ. ಅಂಥ ನೋಟ್‌ಬುಕ್ಕುಗಳು ಸುಮಾರು 300 ಉಳಿದಿವೆ.

ಮೇಷ್ಟ್ರಾಗಿ ಮಾತ್ರ ಟರ್ನರ್ ಪಾಸಾಗಲಿಲ್ಲ. ನೇಮಕವಾಗಿ ನಾಲ್ಕು ವರ್ಷದ ಮೇಲೆ, 1811ರಲ್ಲಿ, ಮೊದಲ ಪಾಠ. ಮಾತೆಲ್ಲ ಗೊಣಗು. ಆದರೆ ಪಾಠಕ್ಕೆ ಅಂತ ಬರೆದು ತಂದ ದೊಡ್ಡ ದೊಡ್ಡ ಚಿತ್ರಗಳನ್ನು ನೋಡೋಕೇ ಜನ ಬರುತ್ತಿದ್ದರು. ಗಾಜಿನ ಗೋಳದ ಮೇಲೆ, ಲೋಹದ ಗೋಳದ ಮೇಲೆ ಬೆಳಕು ಹೇಗೆ ಪ್ರತಿಫಲಿಸುತ್ತೆ ಅಂತ ಒಂದೊಂದಾಗಿ ಬರೆದಿದ್ದ. ಗೆರೆಯ ಪಾಠ ಹೇಳ್ತಾ ಹೇಳ್ತಾ ಮನಸ್ಸು ಆಗಲೇ ಬೆಳಕಿನ ಕಡೆ ಹೊರಳಿತ್ತು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಾಗ ಅದರ ಕಣಗಳು ಆಕಾಶದಲ್ಲಿ ಹರಡಿ ಯುರೋಪಿನ ಸಂಜೆಗಳೂ ಕೆಂಪಾದವು. ಹಳೆಯ ಚಿತ್ರಗಳಲ್ಲಿನ ಕೆಂಪು-ಹಸಿರಿನ ಪ್ರಮಾಣ ಅಳೆದು ಅಂದಿನ ಆಕಾಶದ ಧೂಳು ಲೆಕ್ಕ ಹಾಕಿದ ಗ್ರೀಸಿನ ವಿಜ್ಞಾನಿಗಳು ಟರ್ನರನ ಸೂರ್ಯಾಸ್ತಗಳನ್ನೂ ಬಳಸಿಕೊಂಡಿದ್ದಾರೆ.

ಹಾಗಂತ ಅವನನ್ನು ದೇವರು ಮಾಡೋದು ಬೇಡ. 1805ರಲ್ಲಿ ಜಮೈಕಾದ ಒಂದು ದನದ ಫಾರ್ಮಿಗೆ 100 ಪೌಂಡ್ ಹಾಕಿದ್ದ. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. 35 ವರ್ಷದ ನಂತರ, 1840ರಲ್ಲಿ, ಅದೇ ಮನುಷ್ಯ ಗುಲಾಮರ ಹಡಗಿನ ಚಿತ್ರ ಪ್ರದರ್ಶನಕ್ಕಿಟ್ಟ. ಅದರ ಹಿಂದೆ 1781ರ ಜಾಂಗ್ ಹಡಗಿನ ಕಥೆ ಇದೆ ಅಂತಾರೆ. ಕಾಯಿಲೆಯಿಂದ ಸತ್ತವರಿಗೆ ವಿಮೆ ಇಲ್ಲ, ಸಮುದ್ರದ ಪಾಲಾದ 'ಸರಕಿಗೆ' ಉಂಟು ಅನ್ನೋ ಲೆಕ್ಕದಲ್ಲಿ 130ಕ್ಕೂ ಹೆಚ್ಚು ಜನರನ್ನು ಜೀವಂತ ನೀರಿಗೆ ಎಸೆದಿದ್ದರು. ಚಿತ್ರದಲ್ಲಿ ಮೊದಲು ಕಾಣೋದು ಉರಿಯುವ ಸಂಜೆ. ಎಷ್ಟು ಚೆಂದ ಅಂತ ಹತ್ತಿರ ಹೋದರೆ ಅಲೆಗಳ ನಡುವೆ ಬೇಡಿ ಹಾಕಿದ ಕಾಲು, ಮುತ್ತಿದ ಮೀನುಗಳು. ಪಶ್ಚಾತ್ತಾಪವೋ ಏನೋ, ಅವನಂತೂ ಬಾಯಿ ಬಿಡಲಿಲ್ಲ.

ಉಗಿಯಂತ್ರದ ಕಾಲ ಅದು. ಬಹಳ ಕಲಾವಿದರು ಹೊಗೆಯಿಂದ ಮುಖ ತಿರುಗಿಸಿದರೆ ಇವನು ಹೊಗೆಯನ್ನೂ ಮೋಡದ ಹಾಗೇ ನೋಡಿದ. 1839ರ ಚಿತ್ರದಲ್ಲಿ, ಟ್ರಫಾಲ್ಗರ್ ಕದನದ ಹಳೆಯ ಹಡಗು ಟೆಮರೇರನ್ನು ಒಂದು ಕಪ್ಪು ಉಗಿದೋಣಿ ಗುಜರಿಗೆ ಎಳೆದೊಯ್ಯುತ್ತಿದೆ. ನಿಜದಲ್ಲಿ ದೋಣಿ ಎರಡಿದ್ದವು, ಹಡಗಿನ ಕಂಬಗಳನ್ನು ಮೊದಲೇ ಕಿತ್ತಿದ್ದರು. ಟರ್ನರ್ ಕಂಬಗಳನ್ನು ವಾಪಸ್ ನಿಲ್ಲಿಸಿ ಬೀಳ್ಕೊಟ್ಟ. 1844ರದ್ದು ಮಳೆಯಲ್ಲಿ ನುಗ್ಗಿ ಬರುವ ರೈಲು. ಸಿವಿಲ್‌ನವರು ಆ ಸೇತುವೆ ಗಮನಿಸಿ, ಬ್ರೂನೆಲ್ ಕಟ್ಟಿದ ಮೇಡನ್‌ಹೆಡ್ ಸೇತುವೆ ಅದು. ಇಟ್ಟಿಗೆಯ ಎರಡು ಕಮಾನು, ಒಂದೊಂದೂ 128 ಅಡಿ ಅಗಲ. ಎಷ್ಟು ಚಪ್ಪಟೆ ಅಂದ್ರೆ ಬಿದ್ದೇ ಬೀಳುತ್ತೆ ಅಂತ ಜನ ಕಾದಿದ್ದರು. ಇವತ್ತಿಗೂ ಅದರ ಮೇಲೆ ರೈಲು ಓಡುತ್ತೆ. ಚಿತ್ರದಲ್ಲಿ ರೈಲಿನ ಮುಂದೆ ಒಂದು ಮೊಲ ಪ್ರಾಣ ಉಳಿಸಿಕೊಳ್ಳೋಕೆ ಓಡ್ತಿದೆ. ಆ ಮೊಲ ಈಗ ಮಾಸಿಹೋಗಿ ಕಾಣೋದೇ ಕಷ್ಟ.

ಮಾಸೋದು ಅಂದಾಗ ಹೇಳಬೇಕು. ವಿಜ್ಞಾನಿ ಮೈಕೆಲ್ ಫ್ಯಾರಡೇ ಅವನ ಪರಿಚಯಸ್ಥ. ಬಣ್ಣ ಬಳಿದು ಅರ್ಧ ಮುಚ್ಚಿ ಬಿಸಿಲಿಗಿಡು, ಉಳಿಯುತ್ತೋ ಇಲ್ಲವೋ ನೀನೇ ಪ್ರಯೋಗ ಮಾಡು ಅಂತ ಕಲಾವಿದರಿಗೆಲ್ಲ ಹೇಳುತ್ತಿದ್ದ. ಬಣ್ಣದ ವ್ಯಾಪಾರಿ ವಿನ್ಸರ್ ಕೂಡ ಎಚ್ಚರಿಸಿದ್ದ. ಟರ್ನರ್ ಕೇಳಲಿಲ್ಲ, ನಿನ್ನ ಕೆಲಸ ನೀನು ನೋಡಿಕೋ ಅಂದನಂತೆ. ಆ ಕ್ಷಣಕ್ಕೆ ಬೇಕಾದ ಕೆಂಪು ಸಿಕ್ಕರೆ ಸಾಕು. ಅದರ ಫಲವಾಗಿ ಎಷ್ಟೋ ಚಿತ್ರಗಳ ಕೆಂಪು ಇವತ್ತು ಬಿಳಚಿಕೊಂಡಿದೆ.

ಕೊನೆಯ ವರ್ಷಗಳಲ್ಲಿ ವಿಮರ್ಶಕರು ಅವನ ಚಿತ್ರಗಳನ್ನು ಸೋಪಿನ ನೊರೆಗೆ, ಸುಣ್ಣಕ್ಕೆ ಹೋಲಿಸಿ ನಕ್ಕರು. ಚೆಲ್ಸಿಯ ನದಿದಂಡೆಯಲ್ಲಿ ಸೋಫಿಯಾ ಬೂತ್ ಎಂಬ ವಿಧವೆಯ ಜೊತೆ ಅವಳ ಹೆಸರಿಟ್ಟುಕೊಂಡೇ ಬದುಕಿದ. ನೆರೆಯವರಿಗೆ ಅವನು ಯಾರೋ ರಿಟೈರ್ಡ್ ಅಡ್ಮಿರಲ್. 1851ರ ಡಿಸೆಂಬರ್ 19ರಂದು ತೀರಿಕೊಂಡ. ದುಡ್ಡು ಬಡ ಕಲಾವಿದರ ಆಶ್ರಯಕ್ಕೆ ಅಂತ ಉಯಿಲು ಬರೆದಿದ್ದ. ಸಂಬಂಧಿಕರು ಕೋರ್ಟಿಗೆ ಹೋದರು. 1856ರಲ್ಲಿ ದುಡ್ಡು ಅವರಿಗೆ, ಚಿತ್ರಗಳು ದೇಶಕ್ಕೆ ಅಂತಾಯ್ತು: ಸುಮಾರು 300 ತೈಲಚಿತ್ರ, ಕಾಗದದ ಮೇಲಿನವು 30,000ದ ಹತ್ತಿರ.

ಅವುಗಳಲ್ಲಿ ನಾರಮ್ ಕೋಟೆಯದೂ ಒಂದು. 1797ರಲ್ಲಿ ಮೊದಲು ಕಂಡು ಜಲವರ್ಣದಲ್ಲಿ ಬರೆದಿದ್ದ ಕೋಟೆಯನ್ನೇ 1845ರ ಸುಮಾರಿಗೆ ಮತ್ತೆ ತೈಲದಲ್ಲಿ ಹಿಡಿದ. ಈಗ ಗೋಡೆಯಿಲ್ಲ, ಬುರುಜಿಲ್ಲ. ನೀಲಿಯ ಒಂದು ನೆರಳು, ಹಳದಿ ಸೂರ್ಯ, ನೀರಿಗಿಳಿದ ದನ. ಅದನ್ನು ಅವನು ಯಾರಿಗೂ ತೋರಿಸಲಿಲ್ಲ. ಜನ ನೋಡಿದ್ದು 1906ರಲ್ಲಿ, ಅವನು ಸತ್ತು 55 ವರ್ಷದ ಮೇಲೆ.